ಕೊಲ್ಲಲೆಂದೇ ಸಾಕುವ ಹುಳು

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಅಳುಕುವ ಹೆತ್ತವರುಂಟು. ಇಂಥ ಮದ್ದು ಸಾಗಿಬಂದ ದಾರಿಯನ್ನು ಅವರು ತಿಳಿಯಬೇಕು.

ಹುಳುವನ್ನು ಕೊಲ್ಲುವ ಮದ್ದನ್ನು ಅರಸುವವರು ಮೊದಲು ಹುಳುವನ್ನೇ ಸಾಕಬೇಕು. ಪರಾವಲಂಬಿಯಾದ ಅದು ಗಾಜಿನ ತಟ್ಟೆಯಲ್ಲಿ ಬೆಳೆದು ಸಂತಾನ ಪಡೆಯುವುದು ದುಸ್ತರ. ಆದುದರಿಂದ ಇಲಿಯ ಕರುಳಿನಲ್ಲಿ ಬೆಳೆಸುತ್ತಾರೆ. ಜಪಾನಿನ ಸತೋಶಿ ಓಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಗಳನ್ನು ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ಲರ ತಂಡವು ಪರೀಕ್ಷಿಸಿದ್ದು ಅಂತಹ ಇಲಿಗಳಲ್ಲಿಯೇ. ಅವುಗಳಲ್ಲೊಂದು ಹುಳುಗಳನ್ನು ಅಳಿಸಿತು, ಐವರ್‌ಮೆಕ್ಟಿನ್ ದೊರೆಯಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.

ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಬೇರೆ ಮದ್ದು. ಅದೂ ಮೊದಲು ದನಕುರಿಗಳಿಗೆ ಬಳಕೆಯಾಗಿ ಬಳಿಕ ಮನುಷ್ಯರಿಗೆ ಬಂದದ್ದು. ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಲು ಮಕ್ಕಳಿಗೆ ಹೇಳೋಣ. ಮೂಕಜೀವಿಗಳ ಋಣವನ್ನೂ ತಿಳಿಸೋಣ.