ಎದೆಯ ಗಾಯವೂ ಲಿಂಗಪೂಜೆಯೂ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯು ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬೆಂಗಳೂರಿನ ಜಯದೇವ ಸಂಸ್ಥೆಯಿಂದಲೋ ಅದರ ಮೈಸೂರು, ಕಲಬುರಗಿಯ ಆಸ್ಪತ್ರೆಗಳಿಂದಲೋ ಎದೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಮರಳಿದ ಹಿರಿಯರು ಅನೇಕ ಊರುಗಳಲ್ಲಿ ಇದ್ದಾರೆ. ಔಷಧ, ಪಥ್ಯಗಳ ವಿಚಾರವನ್ನು ವೈದ್ಯರು ಬರೆದುಕೊಟ್ಟಿರುತ್ತಾರೆ. ಆದರೆ ಭಕ್ತರ ಮನೆಯಲ್ಲಿ ಮೊದಲ ದಿನವೇ ಏಳುವ ಒಂದು ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವಿರುವುದಿಲ್ಲ: ಕೊರಳಿನಿಂದ ಇಳಿದು ಎದೆಯ ಮೇಲೆ ನಿಲ್ಲುವ ಕರಡಿಗೆಯನ್ನು ಏನು ಮಾಡಬೇಕು?

ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುವಣ ಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಹೊರಗಿನ ಚರ್ಮವು ಕೆಲವು ವಾರಗಳಲ್ಲಿ ಕೂಡಿಕೊಂಡಂತೆ ಕಂಡರೂ ಒಳಗಿನ ಮೂಳೆ ಗಟ್ಟಿಯಾಗಲು 2ರಿಂದ 3 ತಿಂಗಳು ಬೇಕು. ಅಷ್ಟು ಕಾಲ ಮೂಳೆ ಅಲುಗಬಾರದು, ಗಾಯಕ್ಕೆ ಕೊಳೆ ತಾಗಬಾರದು. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳಲ್ಲಿ ಬಹುಪಾಲು ಇವೆರಡರಿಂದಲೇ ಹುಟ್ಟಿವೆ.

ಬೆಳ್ಳಿಯ ಕರಡಿಗೆಯಾದರೋ ಸರಿಯಾಗಿ ಹೊಲಿಗೆಯ ಮೇಲೆಯೇ ಉಜ್ಜುತ್ತದೆ. ಬೆವರು ಹೀರಿದ ಶಿವದಾರವೂ ಗಾಯಕ್ಕೆ ತಾಗುತ್ತದೆ. ಲಿಂಗವನ್ನು ಎದೆಯಿಂದ ಸರಿಸಿದರೆ ವ್ರತಭಂಗವಾದೀತೆಂದು ಅಂಜಿ ನೋವನ್ನು ನುಂಗಿಕೊಂಡಿರುವ ಹಿರಿಯರಿದ್ದಾರೆ. ಅವರ ನಿಷ್ಠೆ ದೊಡ್ಡದು, ಅಂಜಿಕೆಗೆ ಮಾತ್ರ ಆಧಾರವಿಲ್ಲ. ಕರಸ್ಥಲ, ಕಕ್ಷ, ಕಂಠ, ಉತ್ತಮಾಂಗ ಮೊದಲಾದವು ಲಿಂಗಧಾರಣೆಯ ಸ್ಥಾನಗಳೆಂದು ಪರಂಪರೆಯೇ ಹೇಳಿದೆ. ಶುಭ್ರವಾದ ಮೆತ್ತನೆಯ ವಸ್ತ್ರದಲ್ಲಿ ಲಿಂಗವನ್ನಿಟ್ಟು, ಬಿಗಿಯಾಗದಂತೆ ತೋಳಿಗೆ ಕಟ್ಟಿಕೊಂಡರೆ ಅಗಲಿಕೆಯೂ ಇಲ್ಲ, ಗಾಯಕ್ಕೆ ಬಾಧೆಯೂ ಇಲ್ಲ.

ವಿಭೂತಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಎದೆಯ ಮೇಲಿನ ತ್ರಿಪುಂಡ್ರವನ್ನು ಗಾಯವು ಪೂರ್ತಿ ಮಾಯುವವರೆಗೆ ಬಿಟ್ಟು ಹಣೆಗೆ ಮಾತ್ರ ಧರಿಸತಕ್ಕದ್ದು. ಹಸಿ ಗಾಯದ ಮೇಲೆ ಬಿದ್ದ ಭಸ್ಮವು ಎಷ್ಟೇ ಪವಿತ್ರವಾಗಿದ್ದರೂ ಹೊರಗಿನ ಧೂಳೇ. ಅಜ್ಜಿಯಂದಿರು ಮಮತೆಯಿಂದ ಹಚ್ಚಬರುವ ಅರಿಸಿನ, ಎಣ್ಣೆಗಳಿಗೂ ಇದೇ ಮಾತು.

ನೆಲದ ಮೇಲೆ ಕುಳಿತು ಪೂಜೆ ಮಾಡಿದವರು ಏಳುವಾಗ ಎರಡೂ ಕೈಗಳನ್ನು ಊರುತ್ತಾರೆ. ಆಗ ದೇಹದ ಭಾರವೆಲ್ಲ ತೋಳುಗಳ ಮೂಲಕ ತಂತಿ ಬಿಗಿದ ಮೂಳೆಯ ಮೇಲೆ ಬೀಳುತ್ತದೆ. ಲಿಂಗವಿರುವುದು ಅಂಗೈಯಲ್ಲಿ; ಕುರ್ಚಿಯ ಮೇಲೆ ಕುಳಿತರೆ ಪೂಜೆಗೆ ಯಾವ ಕೊರತೆಯೂ ಬಾರದು. ದೀರ್ಘದಂಡ ನಮಸ್ಕಾರವಂತೂ ಸಲ್ಲದು. ಮಠಕ್ಕೆ ಬಂದರೂ ನಿಂತಲ್ಲಿಯೇ ಕೈಮುಗಿದರೆ ಸಾಕು. ಪೂಜೆಯ ನೀರನ್ನು ತಾವೇ ತರುವ ಹಠ ಕೆಲವರಿಗೆ ಇರುತ್ತದೆ. ತುಂಬಿದ ಕೊಡವು 10 ಕಿಲೋ ಮೀರಿ ತೂಗುತ್ತದೆ. ಈ ಅವಧಿಯಲ್ಲಿ ವೈದ್ಯರು ಎತ್ತಗೊಡುವುದು ಸಾಮಾನ್ಯವಾಗಿ 4-5 ಕಿಲೋ ಒಳಗೆ. ಕೊಡವನ್ನು ಮಗನೋ ಸೊಸೆಯೋ ತರಲಿ. ಜೀವನವಿಡೀ ದಾಸೋಹ ಮಾಡಿದವರಿಗೆ ಇನ್ನೊಬ್ಬರ ದಾಸೋಹವನ್ನು ಸ್ವೀಕರಿಸುವುದು ಏಕಿಷ್ಟು ಕಠಿಣವೋ!

ಹಾಗೆಂದು "ಸುಮ್ಮನೆ ಮಲಗಿರಿ ಅಪ್ಪಾಜಿ" ಎಂದು ಹಾಸಿಗೆಗೆ ಕಟ್ಟಿಹಾಕುವುದೂ ಪ್ರೀತಿಯಲ್ಲ. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ನಡೆಯಬೇಕು; ಮೂರು ಚೆಂಡುಗಳ ಉಸಿರಾಟದ ಉಪಕರಣವನ್ನು ಬಳಸಬೇಕು; ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅಪ್ಪಿ ಕೆಮ್ಮಬೇಕು. ಕಫವನ್ನು ಒಳಗೇ ಉಳಿಸಿಕೊಂಡರೆ ಶ್ವಾಸಕೋಶಕ್ಕೆ ಕೇಡು. ಈ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದುಂಟು, ನಿದ್ದೆ ಕೆಡುವುದುಂಟು. ಅದನ್ನು ಭಕ್ತಿಯ ಕೊರತೆಯೆಂದು ಯಾರೂ ಹಂಗಿಸಬಾರದು. ದುಗುಡವು ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ತಿಳಿಸಬೇಕು.

ಜ್ವರ, ಗಾಯದಲ್ಲಿ ಕೀವು, ಎದೆಯ ಮೂಳೆ ಕಟಕಟ ಸದ್ದು ಮಾಡುವುದು, ಉಬ್ಬಸ, ಒಂದೆರಡು ದಿನಗಳಲ್ಲಿಯೇ 2 ಕಿಲೋದಷ್ಟು ತೂಕ ಏರುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡಲಾಗದು. ಅಮಾವಾಸ್ಯೆ ಕಳೆಯಲಿ, ಒಳ್ಳೆಯ ವಾರ ಬರಲಿ ಎಂದು ಕಾಯುವ ಮನೆಗಳು ಇನ್ನೂ ಇವೆ. ಅದೂ, ತಿಥಿವಾರಗಳ ಹಂಗನ್ನೇ ಹರಿದ ಬಸವಣ್ಣನವರ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡು! ಅಂಥ ಲಕ್ಷಣ ಕಂಡ ದಿನವೇ, ಅದು ನಡುರಾತ್ರಿಯಾದರೂ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.