ಹಿಸ್ಸೆ ಹೊಲದಲ್ಲಿ ಜೇನುಪೆಟ್ಟಿಗೆ: ಹೊಸಬರು ಇಡಬಹುದೇ?

ಜೇನು ಸಾಕಿರಿ, ಇಳುವರಿ ಹೆಚ್ಚುತ್ತೆ ಎಂದು ಈಗ ಎಲ್ಲಾ ಕಡೆ ಹೇಳುತ್ತಾರೆ. ತರಬೇತಿ ಕೊಡುತ್ತಾರೆ, ಸಹಾಯಧನವೂ ಉಂಟು. ಹೇಳುವುದು ಸುಳ್ಳಲ್ಲ. ಆದರೆ ಹೊಲ ಒಬ್ಬನದೇ ಎಂದುಕೊಂಡು ಹೇಳುತ್ತಾರೆ. ನಮ್ಮ ಹಿರಿಯೂರು ಕಡೆ ಹಂಗೆ ಒಬ್ಬನದೇ ಹೊಲ ಎಷ್ಟು ಜನಕ್ಕಿದೆ? ನಮ್ಮಪ್ಪನ 12 ಎಕರೆ 4 ಹಿಸ್ಸೆಯಾಗಿ ಈಗ ಮೂರು ಮೂರು ಎಕರೆ ಪಟ್ಟಿ. ನಡುವೆ ಒಂದೊಂದು ಬದು. ಬೋರು ಒಂದೇ, ದಾರಿ ಒಂದೇ, ನೆರಳಿಗೆ ಇರೋ ಹೊಂಗೆ ಸಾಲೂ ಒಂದೇ. ಇಂಥ ಹೊಲದಲ್ಲಿ ಹೊಸಬರು ಜೇನು ಇಡಬಹುದೇ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಡಲಿ. ಆದರೆ ಒಂದು ವರ್ಷ ಅನುಭವಸ್ಥರ ಪೆಟ್ಟಿಗೆ ಹತ್ತಿರ ಕೈ ಪಳಗಿಸಿದ ಮೇಲೆ, ಎಲ್ಲಾ ಹಿಸ್ಸೆಯವರೂ ಒಪ್ಪಿದ ಮೇಲೆ ಇಡಲಿ. ಎರಡರಲ್ಲಿ ಒಂದು ತಪ್ಪಿದರೂ ಬೇಡ. ಇದು ಕೆಟ್ಟ ಮೇಲೆ ಬಂದ ಬುದ್ಧಿ.

2018ರ ಆಗಸ್ಟಿನಲ್ಲಿ ನನ್ನ ತಮ್ಮನ ಮಗ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದು 4 ಪೆಟ್ಟಿಗೆ ತುಡುವೆ ತಂದ. ಹೊಂಗೆ ಸಾಲಿನ ಕೆಳಗೆ ದಾರಿ ಮಗ್ಗುಲಿಗೇ ಇಟ್ಟ. "ಯಾರನ್ನಾದ್ರೂ ಕೇಳಿದ್ಯೇನಪ್ಪಾ?" ಅಂದೆ. "ನಮ್ಮ ಹಿಸ್ಸೇಲೇ ಇಟ್ಟಿದೀನಲ್ಲಾ ದೊಡ್ಡಪ್ಪಾ" ಅಂದ. ಅವನ ಮಾತು ಸರ್ವೆ ನಂಬರಿಗೆ ಸರಿ. ಆದರೆ ಹಸುವಿಗೆ ಗೂಟ ಇದೆ, ಕುರಿಗೆ ಕಾಯೋನು ಇದಾನೆ. ಜೇನಿಗೆ ಎರಡೂ ಇಲ್ಲ. ತುಡುವೆ ಸುಮಾರು ಒಂದು ಕಿಲೋಮೀಟರು ದೂರ ಮೇಯಲು ಹೋಗುತ್ತದೆ. ಪೆಟ್ಟಿಗೆ ಅವನ ಪಟ್ಟೀಲಿದ್ದರೂ ಮೇವು ನಮ್ಮೆಲ್ಲರ ಪಟ್ಟೀಲಿತ್ತು.

ಸೆಪ್ಟೆಂಬರಿನಲ್ಲಿ ಒಂದು ಮೋಡದ ಮಧ್ಯಾಹ್ನ ಹೊಗೆತಿದಿ ಇಲ್ಲದೆ ಪೆಟ್ಟಿಗೆ ಬಿಚ್ಚಿದ. ತುಡುವೆ ಸಾಧು ಜೇನು, ನಿಜ. ಆದರೆ ಹಂಗೆ ಕೆದಕಿದರೆ ಅದೂ ಬಿಡಲ್ಲ. ಮಗ್ಗುಲ ಪಟ್ಟೀಲಿ ನಮ್ಮಣ್ಣ ತೊಗರಿಗೆ ಎಡೆಕುಂಟೆ ಹೊಡೀತಿದ್ದ. ಜೇನು ಎತ್ತುಗಳ ಮೇಲೆ ಬಿದ್ದವು. ಎತ್ತು ಕುಂಟೆ ಸಮೇತ ಓಡಿದವು, ಒಂದರ ಹಿಂಗಾಲಿಗೆ ಕುಡ ತಗುಲಿ ಸೀಳಿತು. ಒಂದು ತಿಂಗಳು ಆ ಜೋಡಿ ಕೆಲಸಕ್ಕಿಲ್ಲ.

ಮುಂದಿನ ತಿಂಗಳು ತೊಗರಿ ಹೂವಿಗೆ ಬಂತು, ಕಾಯಿಕೊರಕವೂ ಬಂತು. ಅಣ್ಣ ಬೆಳಿಗ್ಗೆ ಒಂಬತ್ತಕ್ಕೆ ಔಷಧಿ ಹೊಡೆದ. ಮಾರನೆ ದಿನ ಎರಡು ಪೆಟ್ಟಿಗೆ ಮುಂದೆ ಸತ್ತ ನೊಣದ ರಾಶಿ, ಬಾಚಿ ಮೊರಕ್ಕೆ ತುಂಬುವಷ್ಟು. ಹುಡುಗ ಅತ್ತ. "ಹೇಳಿ ಹೊಡೀಬಾರ್ದಿತ್ತಾ?" ಅಂತ ತಮ್ಮ ಕೇಳಿದ. "ನೀವು ಹೇಳಿ ಇಟ್ರಾ? ನಾನು ಹೊಡೀದೆ ಬಿಟ್ರೆ ತೊಗರಿ ನೀನು ತಂದ್ಕೊಡ್ತಿದ್ಯಾ?" ಅಂತ ಅಣ್ಣ ಕೇಳಿದ. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಆ ವರ್ಷ ದೀಪಾವಳಿಗೆ ಒಬ್ಬರ ಮನೆ ಹೊಸ್ತಿಲು ಒಬ್ಬರು ತುಳಿಯಲಿಲ್ಲ. ಉಳಿದ ಎರಡು ಪೆಟ್ಟಿಗೇಲಿ ಒಂದು ಬೇಸಿಗೇಲಿ ಖಾಲಿಯಾಗಿ ಹಾರಿಹೋಯಿತು, ಇನ್ನೊಂದರ ಎರಿಗೆ ಮೇಣದ ಹುಳು ಬಿತ್ತು.

ಕೈ ಹಾಕದೆ ವಿದ್ಯೆ ಹೇಗೆ ಬರುತ್ತೆ ಎಂದು ಕೇಳುವವರಿದ್ದಾರೆ. ನೀರಿಗಿಳಿಯದೆ ಈಜು ಬರಲ್ಲ, ನಾನೂ ಒಪ್ಪುತ್ತೇನೆ. ಆದರೆ ಈಜು ಬಾರದವನು ಮುಳುಗಿದರೆ ಅವನೊಬ್ಬನೇ ಮುಳುಗುತ್ತಾನೆ. ಇಲ್ಲಿ ಕಲಿಯೋನು ಒಬ್ಬ, ಕಚ್ಚಿಸಿಕೊಳ್ಳೋನು ಇನ್ನೊಬ್ಬ. ರೋಗವೂ ಹಂಗೇ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ಆ ರೋಗ ತಗುಲಿದ ಮರಿ ತಲೆ ಮೇಲೆತ್ತಿಕೊಂಡು, ನೀರು ತುಂಬಿದ ಚೀಲದ ಹಂಗೆ ಕೋಣೆಯಲ್ಲೇ ಸಾಯುತ್ತದೆ. ನೋಡಿ ಗೊತ್ತಿರುವವರ ಜೊತೆ ನಿಂತು ಕಲಿಯದಿದ್ದರೆ ಇದು ಕಣ್ಣಿಗೆ ಬೀಳಲ್ಲ. ಹೊಸಬನ ಪೆಟ್ಟಿಗೆಯ ರೋಗ ಸುತ್ತಲಿನವರ ಪೆಟ್ಟಿಗೆಗೂ ಹೋಗುತ್ತದೆ.

ಇನ್ನೊಂದು ಮಾತು. ತುಡುವೆ ಸಾಕುವ ಪುಸ್ತಕದ ಲೆಕ್ಕ ಹೆಚ್ಚಿನದು ಕೊಡಗು, ಮಲೆನಾಡಿನದು. ನಮ್ಮ ಬಯಲು ಸೀಮೆಯ ಹೂವಿನ ಲೆಕ್ಕವೇ ಬೇರೆ. ಬೇಸಿಗೇಲಿ ಬೇವು, ಹೊಂಗೆ. ಆಮೇಲೆ ಹುಣಸೆ. ಹುಣಸೆ ಹೂವು ಮುಗಿದು ಹೊಲದ ಬೆಳೆ ಹೂ ಬಿಡೋವರೆಗೆ ಮೇವೇ ಇಲ್ಲ. ಆಗ ಸಂಜೆ ಹೊತ್ತು ಪೆಟ್ಟಿಗೆ ಒಳಗೇ ಸಕ್ಕರೆ ನೀರು ಇಡಬೇಕು, ಹೊರಗೆ ಚೆಲ್ಲಬಾರದು. ಚೆಲ್ಲಿದರೆ ಬಲವಾದ ಪೆಟ್ಟಿಗೆಯ ನೊಣ ಬಡ ಪೆಟ್ಟಿಗೆಯನ್ನು ದೋಚುತ್ತದೆ. ಮೂರು ದಿನದ ತರಬೇತೀಲಿ ಪೆಟ್ಟಿಗೆ ಬಿಚ್ಚೋದು ಬರುತ್ತೆ, ಈ ಬರಗಾಲದ ತಿಂಗಳು ದಾಟಿಸೋದು ಬರಲ್ಲ. ಅದಕ್ಕೇ ಒಂದು ಪೂರ್ತಿ ವರ್ಷ ಅಂದದ್ದು.

ಲಾಭವನ್ನೂ ಅಳತೆ ಮೀರಿ ಹೇಳಬಾರದು. ರಾಗಿ, ಶೇಂಗಾಕ್ಕೆ ಜೇನಿನಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ, ಅವು ತಮ್ಮ ಪರಾಗದಿಂದಲೇ ಕಟ್ಟುತ್ತವೆ. ಹುಚ್ಚೆಳ್ಳು, ಸೂರ್ಯಕಾಂತಿಗೆ ಜೇನು ಬೇಕೇ ಬೇಕು. ಆ ವರ್ಷ ನನ್ನ ಸೂರ್ಯಕಾಂತೀಲಿ ತೆನೆಯ ನಡುವಿನವರೆಗೂ ಕಾಳು ತುಂಬಿತ್ತು, ಜೊಳ್ಳು ಕಡಿಮೆ. ಪೆಟ್ಟಿಗೆ ಇಟ್ಟವನಿಗೆ ನಷ್ಟ, ಇಡದ ನನಗೆ ಲಾಭ! ಹಿಸ್ಸೆ ಹೊಲದ ಜೇನು ಅಂದರೆ ಇದೇ. ಲಾಭವೂ ಬದು ದಾಟುತ್ತೆ, ನಷ್ಟವೂ ದಾಟುತ್ತೆ. ಅಂದಮೇಲೆ ತೀರ್ಮಾನ ಮಾತ್ರ ಒಬ್ಬನದು ಹೇಗಾದೀತು?

ಪೆಟ್ಟಿಗೆ ತರುವ ಮುಂಚೆ ಎಲ್ಲಾ ಹಿಸ್ಸೆಯವರೂ ಒಂದು ಕಡೆ ಕೂತು ಇಷ್ಟು ಮಾತಾಡಬೇಕು:

1. ಯಾರ ಮೈಗೆ ಜೇನು ಆಗುವುದಿಲ್ಲ ಎಂದು ಕೇಳಿ. ಕಳೆಗೆ ಬರುವ ಹೆಣ್ಣುಮಕ್ಕಳನ್ನೂ ಕೇಳಿ. ಕಚ್ಚಿದ ಮೇಲೆ ಮೈತುಂಬಾ ದದ್ದು ಎದ್ದರೆ, ತುಟಿ ಮುಖ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಜೀವಕ್ಕೇ ಅಪಾಯ.

2. ಜಾಗ ದಾರಿ, ಮೋಟರು ಮನೆ, ದನ ಕಟ್ಟುವ ಕಡೆಯಿಂದ ದೂರ ಇರಲಿ. ಪೆಟ್ಟಿಗೆ ಬಾಯಿ ಜನ ಓಡಾಡದ ಕಡೆಗಿರಲಿ. ಹತ್ತಿರದಲ್ಲೇ ತಟ್ಟೇಲಿ ಕಲ್ಲು ಹಾಕಿ ನೀರಿಡಿ.

3. ಹೂವಿದ್ದಾಗ ಔಷಧಿ ಹೊಡೆಯದಿದ್ದರೆ ಉತ್ತಮ. ಹೊಡೆಯಲೇಬೇಕಾದರೆ ಹಿಂದಿನ ದಿನ ತಿಳಿಸಿ, ನೊಣ ಗೂಡು ಸೇರಿದ ಮೇಲೆ ಸಂಜೆ ಹೊಡೆಯುವುದು.

4. ಮೊದಲ ಸಲ ಎರಡೇ ಪೆಟ್ಟಿಗೆ. ಒಂದೇ ಇದ್ದರೆ ಹೋಲಿಸಿ ನೋಡಲು ಇನ್ನೊಂದಿಲ್ಲ. ಎರಡಿದ್ದರೆ ಒಂದರ ರಾಣಿ ಸತ್ತಾಗ ಇನ್ನೊಂದರಿಂದ ಹೊಸ ಮೊಟ್ಟೆ ಇರುವ ಎರಿ ಕೊಡಬಹುದು, ಅವು ಬೇರೆ ರಾಣಿ ಮಾಡಿಕೊಳ್ಳುತ್ತವೆ. ಹತ್ತು ತಂದರೆ ಹೊಸಬನ ಕೈಯಲ್ಲಿ ನಿಭಾಯಿಸಲಾಗದು.

5. ತುಪ್ಪ ತೆಗೆದಾಗ ಹಿಸ್ಸೆಗೊಂದು ಸೀಸೆ. ಹೂವು ಎಲ್ಲರದ್ದು ತಾನೇ?

ಇದಕ್ಕೆ ಒಬ್ಬರು ಒಪ್ಪದಿದ್ದರೂ ಪೆಟ್ಟಿಗೆ ತರಬೇಡಿ. ಜೇನಿಗೆ ಬೇರೆ ರೀತಿ ಉಪಕಾರ ಮಾಡಬಹುದು. ಹೊಂಗೆ, ಬೇವು ಕಡಿಯಬೇಡಿ. ಬದುವಿನ ಮೇಲೆ ಹುಚ್ಚೆಳ್ಳು ಚೆಲ್ಲಿ. ಜಾಲಿಯಲ್ಲಿ ಕಟ್ಟುವ ಕೋಲುಜೇನನ್ನು ಬೆಂಕಿ ಹಚ್ಚಿ ಓಡಿಸಬೇಡಿ. ಸಹಾಯಧನ ಇಲ್ಲದೆ, ಪೆಟ್ಟಿಗೆ ಇಲ್ಲದೆ ಅವು ನಮ್ಮ ಹೊಲದಲ್ಲಿ ಮೊದಲಿಂದಲೂ ದುಡಿಯುತ್ತಿವೆ.

ಹುಡುಗ ಆಮೇಲೆ ಪಕ್ಕದೂರಿನ ಅನುಭವಸ್ಥರೊಬ್ಬರ ಜೊತೆ ಒಂದು ವರ್ಷ ತಿರುಗಿದ. ವಾಪಸ್ ಬಂದವನು ಪೆಟ್ಟಿಗೆಗೆ ಮುಂಚೆ ನಮ್ಮಣ್ಣನ ಮನೆಗೆ ಹೋದ. ಈಗ ಎರಡು ಪೆಟ್ಟಿಗೆ ಇವೆ, ಮೇಲಿನ ಬದುವಿನ ಹತ್ತಿರ. ಜಾಗ ತೋರಿಸಿದ್ದು ಅಣ್ಣನೇ. ಔಷಧಿ ಹೊಡೆಯುವ ಹಿಂದಿನ ಸಂಜೆ ಬದುವಿನ ಮೇಲೆ ನಿಂತು ಕೂಗಿ ಹೇಳುತ್ತಾನೆ.

ನಿಮ್ಮ ಕಡೆ ಹಿಸ್ಸೆ ಹೊಲದಲ್ಲಿ ಜೇನು ಸಾಕಿ ಬೇರೆ ಅನುಭವ ಆಗಿದ್ದರೆ ಬರೆಯಿರಿ. ನನ್ನದೇ ಸರಿ ಎಂಬ ಹಟ ನನಗಿಲ್ಲ.