ಪದವು ಬೈಗುಳವಾಗುವ ಬಗೆ

‘ಪಾಷಂಡಿ’ ಎಂಬುದು ಇಂದು ಬೈಗುಳ. ನಮ್ಮ ಮಸ್ಕಿಯಲ್ಲಿ ಶಾಸನ ಬರೆಸಿದ ಅಶೋಕನ ಕಾಲದಲ್ಲಿ ‘ಪಾಷಂಡ’ವೆಂದರೆ ಮತಪಂಥವೆಂದಷ್ಟೇ ಅರ್ಥ. ಆತನ 7ನೆಯ ಸ್ತಂಭಶಾಸನವು ನಿರ್ಗ್ರಂಥರನ್ನು, ಅಂದರೆ ಜೈನ ಮುನಿಗಳನ್ನು, ಪಾಷಂಡಗಳೊಡನೆ ಆದರದಿಂದಲೇ ಹೆಸರಿಸಿದೆ. ಮುಂದೆ ಮತಗಳು ಪರಸ್ಪರ ಹೀಗಳೆಯಲು ಈ ಪದವನ್ನು ಬಳಸಿದವು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿಯೂ ಅದು ಕಪಟಗುರುವಿಗೆ ಸಂದ ಹೆಸರು. ಪದ ಅದೇ, ನುಡಿದವರ ಮನದ ಕ್ರೋಧ, ಮಾನಗಳೆಂಬ ಕಷಾಯಗಳು ಅದನ್ನು ಕಹಿಯಾಗಿಸಿದವು.

ರಾಯಚೂರು, ದೇವದುರ್ಗ, ಮಾನ್ವಿಗಳ ಬೀದಿಯಲ್ಲಿ ನೆರೆಯವನ ಜಾತಿಯ ಹೆಸರನ್ನೇ ಬೈಗುಳವಾಗಿ ಎಸೆಯುವಾಗಲೂ ಆಗುವುದು ಇದೇ. ಹೆಸರಿನಲ್ಲಿ ದೋಷವಿಲ್ಲ, ಹಿಂಸೆ ಕಷಾಯದಲ್ಲಿದೆ. ಅಶೋಕನು 12ನೆಯ ಶಿಲಾಶಾಸನದಲ್ಲಿ ಬೋಧಿಸಿದ ವಾಗ್ಗುಪ್ತಿ, ಅಂದರೆ ನಾಲಗೆಯ ಸಂಯಮ, ಜಿನಧರ್ಮದ ಮೂರು ಗುಪ್ತಿಗಳಲ್ಲೊಂದು. ಪದವನ್ನು ಬಿಟ್ಟರೆ ಸಾಲದು. ಅದನ್ನು ಬೈಗುಳವಾಗಿಸಿದ ತಿರಸ್ಕಾರವನ್ನೂ ಬಿಡಬೇಕು.